ಮಹಡಿ ಮನೆಯ ವೈಫೈ

ನನಗೊಂದು ಕೆಟ್ಟ ಗುಣವಿದೆ. ಗೊತ್ತಿರುವ ವಿಷಯದಲ್ಲಿ ಅನುಮಾನಪಡುತ್ತಾ ಕೂರುತ್ತೇನೆ. ಏನೇನೂ ಗೊತ್ತಿಲ್ಲದ ವಿಷಯದಲ್ಲಿ ಮಾತ್ರ ಖಡಾಖಂಡಿತವಾಗಿ ತೀರ್ಪು ಕೊಟ್ಟುಬಿಡುತ್ತೇನೆ. ಎಷ್ಟೋ ವರ್ಷಗಳಿಂದ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದೇನೆ, ಇವತ್ತಿಗೂ ಒಂದು ಸ್ವರ ಸರಿಯಾಗಿ ನಿಂತಿತೋ ಇಲ್ಲವೋ ಎಂದು ಎರಡೆರಡು ಸಲ ಹಾಡಿ ನೋಡಿಕೊಳ್ಳುತ್ತೇನೆ. ಆದರೆ ವೈಫೈ ಎನ್ನುವುದು ಗಾಳಿಯಲ್ಲಿ ಹೇಗೆ ಬರುತ್ತದೆ, ಬಾಗಿಲು ಹಾಕಿದ್ದರೂ ಒಳಗೆ ಹೇಗೆ ನುಗ್ಗುತ್ತದೆ ಎಂದು ಗಂಧಗಾಳಿ ತಿಳಿಯದ ನಾನು, ಅದು ನಮ್ಮ ಮನೆಯಲ್ಲಿ ಸೊರಗಿಹೋದ ದಿನವೇ ಅಪರಾಧಿ ಯಾರೆಂದು ಹೇಳಿಬಿಟ್ಟೆ. ನನ್ನ ವಾರಗಿತ್ತಿ ಪದ್ಮಜ. ಬೇರೆ ಯಾರೂ ಇರಲು ಸಾಧ್ಯವೇ ಇಲ್ಲ.

ನಮ್ಮದು ಬನಶಂಕರಿಯಲ್ಲಿ ಮೂವತ್ತು ನಲವತ್ತರ ಸೈಟಿನಲ್ಲಿ ಮಾವನವರು ಕಟ್ಟಿಸಿದ ಮನೆ. ಕೆಳಗೆ ನಾವು, ಮಹಡಿಯಲ್ಲಿ ಮೈದುನ ಸುರೇಶ ಮತ್ತು ಪದ್ಮಜ. ವೈಫೈ ಕನೆಕ್ಷನ್ ಸುರೇಶನ ಹೆಸರಿನಲ್ಲಿತ್ತು, ಪೆಟ್ಟಿಗೆ ಅವರ ಮನೆಯಲ್ಲಿತ್ತು. ಅತ್ತೆ ಇದ್ದಾಗ ಹಾಕಿಸಿದ್ದು. ಅವರು ಮೇಲಿನದನ್ನು ‘ಮಹಡಿ ಮನೆ’ ಎಂದೇ ಕರೆಯುತ್ತಿದ್ದರು, ಸುರೇಶ ವೈಫೈಗೂ ಅದೇ ಹೆಸರಿಟ್ಟ. ಎರಡೂ ಮನೆಗೆ ಅದೊಂದೇ ಸಾಕು ಎಂದು ಆಗ ತೀರ್ಮಾನವಾಗಿತ್ತು. ಆಗ ನಾನೂ ಪದ್ಮಜಳೂ ಒಂದೇ ಈಳಿಗೆಮಣೆಯ ಮುಂದೆ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದೆವು. ಆಮೇಲೆ ಎರಡು ವರ್ಷ ನಮಗೆ ಮಾತಿರಲಿಲ್ಲ.

ಮಾತು ಬಿಟ್ಟದ್ದು ಹೇಗೆ ಎಂದು ಕೇಳಿದವರಿಗೆಲ್ಲ ನಾನು ಹೇಳುವ ಕತೆ ಹೀಗಿದೆ. ಪದ್ಮಜ ವಾರಕ್ಕೆ ಮೂರು ದಿನ ಮನೆಯಿಂದಲೇ ಆಫೀಸಿನ ಕೆಲಸ ಮಾಡುತ್ತಾಳೆ. ಒಂದು ದಿನ ಅವಳ ಮೀಟಿಂಗಿನಲ್ಲಿ ಯಾರೋ, ನಿಮ್ಮ ಹಿಂದೆ ಯಾರು ಹಾಡುತ್ತಿರುವುದು ಎಂದು ಕೇಳಿದರಂತೆ. ಇವಳು ಸೀದಾ ಕೆಳಗಿಳಿದು ಬಂದು, ಶಿಷ್ಯೆಯೊಬ್ಬಳು ಎದುರಿಗೆ ಕೂತಿರುವಾಗಲೇ, ಸ್ವಲ್ಪ ಮೆಲ್ಲಗೆ ಹಾಡಿಸುತ್ತೀರಾ ಅಕ್ಕ ಎಂದಳು. ನನಗೆ ಅವಮಾನವಾಯಿತು. ಕತೆ ಇಲ್ಲಿಗೆ ನಿಲ್ಲುತ್ತದೆ. ಕೇಳಿದವರು, ಛೇ, ಎಂಥ ಹೆಂಗಸು ಎನ್ನುತ್ತಾರೆ. ಇಲ್ಲಿಯೂ ಅಷ್ಟಕ್ಕೇ ನಿಲ್ಲಿಸಬೇಕೆಂದು ಕೂತಿದ್ದೆ, ಆದರೆ ಮುಂದಿನದು ಅದಿಲ್ಲದೆ ಅರ್ಥವಾಗುವುದಿಲ್ಲ. ಅವಳಿಗೆ ನಾನು ಕೊಟ್ಟ ಉತ್ತರ ಇದು: “ಸಂಗೀತ ಅಂದ್ರೆ ರೇಡಿಯೋ ಅಲ್ಲಮ್ಮ, ಕಿವಿ ಹಿಂಡಿ ಕಡಿಮೆ ಮಾಡೋಕೆ. ಅದನ್ನ ಕೇಳೋಕೂ ಮನೇಲಿ ಒಂದು ಸಂಸ್ಕಾರ ಅಂತ ಕೊಟ್ಟಿರಬೇಕು.” ಅವಳ ಅಪ್ಪ ತೀರಿಕೊಂಡು ಆಗಿನ್ನೂ ಮೂರು ತಿಂಗಳಾಗಿತ್ತು. ಅವಳು ತಿರುಗಿ ಮೆಟ್ಟಿಲು ಹತ್ತಿ ಹೋದಳು.

ಗಂಡಸರದು ಬೇರೆಯೇ ಪ್ರಪಂಚ. ಅಣ್ಣ ತಮ್ಮ ಇಬ್ಬರೂ ಏನೂ ಆಗಿಲ್ಲದವರಂತೆ ದಿನಾ ಬೆಳಿಗ್ಗೆ ಗೇಟಿನ ಹತ್ತಿರ ನಿಂತು ಪೇಪರ್ ಹಂಚಿಕೊಂಡು ಓದುತ್ತಿದ್ದರು. ಹಬ್ಬ ಬಂದರೆ ನಮ್ಮ ಒಬ್ಬಟ್ಟು ನಮ್ಮವರ ಕೈಯಲ್ಲಿ ಸ್ಟೀಲ್ ಡಬ್ಬಿಯಲ್ಲಿ ಮಹಡಿ ಹತ್ತುತ್ತಿತ್ತು. ಖಾಲಿ ಡಬ್ಬಿ ವಾಪಸ್ ಕೊಡಬಾರದು ಎಂದು ಅತ್ತೆ ನಮಗಿಬ್ಬರಿಗೂ ಕಲಿಸಿದ್ದರಿಂದ, ಅದು ಸುರೇಶನ ಕೈಯಲ್ಲಿ ಒಂದು ಹಿಡಿ ಸಕ್ಕರೆಯನ್ನೋ ನಾಲ್ಕು ಕೋಡುಬಳೆಯನ್ನೋ ತುಂಬಿಕೊಂಡು ಇಳಿಯುತ್ತಿತ್ತು. ಆ ಎರಡು ವರ್ಷ ನಾವಿಬ್ಬರೂ ಆಡಿದ ಮಾತೆಂದರೆ ಆ ಡಬ್ಬಿಯೊಂದೇ.

ಈಗ ವೈಫೈಗೆ ಬರುತ್ತೇನೆ. ನನ್ನ ಶಿಷ್ಯರಲ್ಲಿ ಮುಕ್ಕಾಲು ಪಾಲು ಆನ್‌ಲೈನಿನವರು. ವಿದೇಶದವರೇನೋ ಎಂದುಕೊಳ್ಳಬೇಡಿ. ಎಲ್ಲರೂ ಇದೇ ಊರಿನವರು. ಒಬ್ಬಳು ಬಿಟಿಎಂ ಲೇಔಟಿನವಳು, ಇಬ್ಬರು ಜೆಪಿ ನಗರದವರು, ಒಬ್ಬಳು ಹುಳಿಮಾವಿನ ಪುಟ್ಟ ಹುಡುಗಿ ಅನಘ. ಹುಳಿಮಾವಿನಿಂದ ಬನಶಂಕರಿಗೆ ಸಂಜೆ ಬಂದು ಹೋಗುವುದರೊಳಗೆ ಮಗು ಕಲಿತದ್ದೆಲ್ಲ ಮರೆತಿರುತ್ತದೆ ಎಂದು ಅವಳ ತಾಯಿ ಹೇಳುತ್ತಾರೆ. ಅಷ್ಟು ದೂರವೇನಮ್ಮ, ಮನಸ್ಸಿದ್ದರೆ ಬರಬಹುದು ಎಂದು ನಾನು ಆಗಾಗ ಮೂದಲಿಸಿದ್ದುಂಟು. ಫೋನಿನಲ್ಲಿ ಪಾಠ ಮಾಡುವುದಕ್ಕೆ ಒಂದು ಅನುಕೂಲವೂ ಇದೆಯೆನ್ನಿ. ಮಗು ತಾಳ ತಪ್ಪಿದರೆ ನೆಟ್‌ವರ್ಕ್, ನಾನು ತಪ್ಪಿದರೂ ನೆಟ್‌ವರ್ಕ್. ಇಬ್ಬರ ಮರ್ಯಾದೆಯೂ ಉಳಿಯುತ್ತದೆ.

ಆದರೆ ಕೆಲವು ತಿಂಗಳ ಹಿಂದೆ, ಇದ್ದಕ್ಕಿದ್ದಂತೆ, ಪಾಠದ ಕೋಣೆಯಲ್ಲಿ ಸಿಗ್ನಲ್ ಒಂದು ಗೀಟಿಗೆ ಇಳಿಯಿತು. ನಾನು ‘ಸ’ ಎಂದರೆ ಅನಘಳಿಗೆ ‘ಪ’ ಹೊತ್ತಿಗೆ ಕೇಳಿಸುತ್ತಿತ್ತು. ಪರದೆಯಲ್ಲಿ ನನ್ನ ಮುಖ ಬಾಯಿ ತೆರೆದಂತೆ ನಿಂತುಬಿಡುತ್ತಿತ್ತಂತೆ. ಮಿಸ್ ಹಲ್ಲು ನೋವಾ ಎಂದು ಮಗು ಕೇಳಿತು. ಸರಿ, ಫೋನ್ ಹಿಡಿದು ಮನೆಯೆಲ್ಲಾ ಅಲೆದೆ. ಅಡುಗೆಮನೆಯಲ್ಲಿ ಫ್ರಿಜ್ಜಿನ ಮೇಲೆ ಎರಡು ಗೀಟು. ಬಚ್ಚಲಿನ ಬಾಗಿಲಲ್ಲಿ ಮೂರು, ಆದರೆ ಅಲ್ಲಿ ಕೂತು ಸರಳೆ ವರಸೆ ಹೇಳಿಕೊಡಲು ಮನಸ್ಸು ಒಪ್ಪಲಿಲ್ಲ. ಹೊರಗೆ ಮಹಡಿ ಮೆಟ್ಟಿಲಿನ ಬುಡದಲ್ಲಿ ಪೂರ್ತಿ ಸಿಗ್ನಲ್. ಒಂದು ವಾರ ಅಲ್ಲೇ ಕುರ್ಚಿ ಹಾಕಿಕೊಂಡು, ಹೂವಿನವಳಿಗೂ ಕೊರಿಯರಿನವನಿಗೂ ಕಾಲು ಸರಿಸಿ ದಾರಿ ಬಿಡುತ್ತಾ ಪಾಠ ಮಾಡಿದೆ. ಬಿಟಿಎಂನವಳು ಪಾಠ ಬಿಟ್ಟಳು. ಜೆಪಿ ನಗರದವರು, ಈ ತಿಂಗಳು ಪರೀಕ್ಷೆ ಇದೆ ಮಿಸ್ ಎಂದರು. ನನ್ನ ದಿನಗಳಲ್ಲಿ ಅರ್ಥವಿದ್ದದ್ದು ಆ ಸಂಜೆಯ ಎರಡು ಗಂಟೆಗಳಿಗೆ ಮಾತ್ರ, ಅದೂ ಹೋಗುತ್ತಿದೆಯಲ್ಲ ಎಂದು ನಿಜವಾಗಿಯೂ ಸಂಕಟವಾಯಿತು.

ಸಂಕಟವಾದಾಗ ನನಗೆ ಸಿಟ್ಟು ಬರುತ್ತದೆ. ಅದೇ ವಾರದಲ್ಲಿ ಮಹಡಿಯಲ್ಲಿ ಏನನ್ನೋ ದರದರ ಎಳೆಯುವ ಸದ್ದು ನಡುಮನೆಯಲ್ಲಿ ಕೂತರೆ ಕೇಳಿಸುತ್ತಿತ್ತು. ಸಾಕ್ಷಿ ಇನ್ನೇನು ಬೇಕು? ವೈಫೈ ಪೆಟ್ಟಿಗೆಯನ್ನು ಎಳೆದು ಯಾವುದೋ ಬೀರುವಿನ ಹಿಂದೆ ತುರುಕಿದ್ದಾಳೆ ಎಂದು ನಮ್ಮವರಿಗೆ ಹೇಳಿದೆ. ಅಂಗೈಯಗಲದ ಪೆಟ್ಟಿಗೆಯನ್ನು ದರದರ ಎಳೆಯಲು ಆಗುವುದಿಲ್ಲ ಕಣೇ ಎಂದರು. ತಮ್ಮನ ಹೆಂಡತಿಯನ್ನು ವಹಿಸಿಕೊಂಡು ಬರುತ್ತೀರಿ ಎಂದು ನಾನು ಎದ್ದು ಹೋದೆ. ಒಂದು ಮಾತು ಮೇಲೆ ಹೋಗಿ ಕೇಳಬಾರದಿತ್ತೇ ಎಂದು ನೀವು ಕೇಳಬಹುದು. ಇರುವುದು ಹದಿನೇಳೇ ಮೆಟ್ಟಿಲು. ಅವಳು ಇಳಿಯಲಿ ಎಂದು ನಾನು, ನಾನು ಹತ್ತಲಿ ಎಂದು ಅವಳು, ಹೀಗೆ ಎರಡು ವರ್ಷ ಕಳೆದಿದ್ದೆವು.

ಕೊನೆಗೆ ಸುರೇಶನೇ ಕಂಪ್ಲೇಂಟ್ ಕೊಟ್ಟ. ಬಂದವರು ಮುನಿರಾಜು ಎಂಬ ನಡುವಯಸ್ಸಿನವರು. ಮೊದಲು ಕೇಬಲ್ ಟೀವಿಯಲ್ಲಿದ್ದರಂತೆ, ಈ ಬಡಾವಣೆಯ ತಾರಸಿಗಳೆಲ್ಲ ಅವರಿಗೆ ಪರಿಚಯ. ಅವರು ಮೊದಲು ನನ್ನ ಕೋಣೆಗೆ ಬಂದು ಫೋನ್ ಹಿಡಿದು ನಿಂತರು. ನಾನು ಅವರಿಗೆ ಕಾಫಿ ಕೊಟ್ಟು, ಪೆಟ್ಟಿಗೆ ಬೇಕೆಂದೇ ಬಚ್ಚಿಟ್ಟಿದ್ದಾರೆ, ನೋಡಿಕೊಂಡು ಬನ್ನಿ ಎಂದು ಕಿವಿಯೂದಿ ಮೇಲಕ್ಕೆ ಕಳಿಸಿದೆ. ಹತ್ತು ನಿಮಿಷಕ್ಕೆ ಇಳಿದು ಬಂದರು. ಬಂದವರು ನನ್ನನ್ನು ನೋಡಲಿಲ್ಲ, ತಲೆಯೆತ್ತಿ ಸೀಲಿಂಗ್ ನೋಡಿದರು. ಕುರ್ಚಿ ಹತ್ತಿ ಬೆರಳಲ್ಲಿ ತಟ್ಟಿದರು.

“ಇದು ಯಾವಾಗ ಹಾಕಿಸಿದ್ದು ಮೇಡಂ?” ಎಂದರು.

ಒಂದು ತಿಂಗಳಾಯಿತು ಎಂದೆ. ಇಟ್ಟಮಡುವಿನ ಕಾರ್ಪೆಂಟರ್ ಒಬ್ಬರು ಹಾಕಿಕೊಟ್ಟದ್ದು. ಹಾಡು ಮೇಲಕ್ಕೆ ಹೋಗಬಾರದು, ಅವಳ ಬಾಯಲ್ಲಿ ಇನ್ನೊಂದು ಸಲ ಹೇಳಿಸಿಕೊಳ್ಳಬಾರದು ಎನ್ನುವ ಹಟಕ್ಕೆ, ಮೇಲೆ ಬೆಳ್ಳಿ ಬಣ್ಣದ ಹೊಳೆಯುವ ಹಾಳೆ ಅಂಟಿಸಿದ ದಪ್ಪ ಶೀಟು ಹಾಕಿಸಿದ್ದೆ. ಒಂದು ಚೂರೂ ಸೌಂಡ್ ದಾಟಲ್ಲ ಅಕ್ಕ ಎಂದು ಅವರು ಎದೆ ತಟ್ಟಿ ಹೇಳಿದ್ದರು. ಮುನಿರಾಜು ನಿಟ್ಟುಸಿರು ಬಿಟ್ಟು ಕುರ್ಚಿಯಿಂದ ಇಳಿದರು. ಆ ಬೆಳ್ಳಿ ಹಾಳೆ ಲೋಹದ್ದಂತೆ, ಸಿಗ್ನಲ್ ಅದಕ್ಕೆ ಬಡಿದು ವಾಪಸ್ ಹೋಗುತ್ತದಂತೆ.

“ನಿಮ್ದೇ ಅಡ್ಡ ಮೇಡಂ. ಅವರದೇನೂ ಇಲ್ಲ. ರೂಟರ್ ನೆಲದ ಮೇಲೇ ಇಟ್ಟಿದ್ದಾರೆ, ಕರೆಕ್ಟಾಗಿ ನಿಮ್ಮ ಈ ರೂಮಿನ ಮೇಲೆ. ಅಲ್ಲಿಂದ ಅವರ ಆಫೀಸ್ ರೂಮಿಗೇ ಸರಿಯಾಗಿ ಬರ್ತಿಲ್ಲ. ಎತ್ತಿ ಗೋಡೆಗೆ ಹೊಡೀತೀನಿ ಅಂದೆ. ಬೇಡ, ಕೆಳಗಡೆ ಪಾಠ ಇರುತ್ತೆ ಅಂದ್ರು,” ಎಂದು ಹೇಳಿ ಚೀಲ ಹೆಗಲಿಗೇರಿಸಿದರು. “ಹೆಂಗೂ ಮುಂದಿನ ತಿಂಗಳು ಕನೆಕ್ಷನ್ ಹುಳಿಮಾವಿಗೆ ಶಿಫ್ಟ್ ಮಾಡ್ಬೇಕಲ್ಲ, ಆಗ ಅಲ್ಲಿ ನೋಡ್ಕೊಳ್ಳೋಣ ಅಂದ್ರು.”

ಯಾವ ಹುಳಿಮಾವು ಎಂದು ನಾನು ಅವರನ್ನು ಕೇಳಲಿಲ್ಲ. ನಮ್ಮವರನ್ನು ಕೇಳಿದೆ. ಪೇಪರಿನಿಂದ ತಲೆಯೆತ್ತದೆ, ಅಲ್ಲಿ ಫ್ಲಾಟ್ ತಗೊಂಡಿದ್ದಾರೆ, ಒಂದು ತಿಂಗಳಿಂದ ಸಾಮಾನು ಕಟ್ಟುತ್ತಿದ್ದಾರೆ ಎಂದರು. ನನಗೇಕೆ ಹೇಳಲಿಲ್ಲ ಎಂದೆ. “ಮಹಡಿ ವಿಷಯ ಈ ಮನೇಲಿ ಎತ್ತಬೇಡಿ ಅಂತ ನೀನೇ ಹೇಳಿದ್ದೆಯಲ್ಲ,” ಎಂದರು. ಹೇಳಿದ್ದೆ. ಇವರು ಮೂವತ್ತು ವರ್ಷದಲ್ಲಿ ನನ್ನ ಮಾತು ಕೇಳಿದ್ದು ಅದೊಂದೇ ಸಲ.

ಆಗ ಹತ್ತಿದೆ, ಆ ಹದಿನೇಳು ಮೆಟ್ಟಿಲು. ಒಂದೊಂದು ಮೆಟ್ಟಿಲಿಗೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ. ಆವತ್ತು ನಾನು ಹಾಗನ್ನಬಾರದಿತ್ತು, ನಿಮ್ಮಪ್ಪ ಹೋಗಿ ಆಗಿನ್ನೂ ಮೂರೇ ತಿಂಗಳಾಗಿತ್ತು, ತಪ್ಪಾಯಿತು. ಬಾಗಿಲು ತೆರೆದೇ ಇತ್ತು. ಒಳಗೆಲ್ಲ ರಟ್ಟಿನ ಪೆಟ್ಟಿಗೆಗಳು. ದಿನಾ ಕಿಟಕಿಯಿಂದ ನೋಡುತ್ತಿದ್ದರೂ, ಅವಳ ಕಿವಿಯ ಪಕ್ಕದ ಕೂದಲು ಅಷ್ಟು ಬೆಳ್ಳಗಾಗಿರುವುದು ನನಗೆ ಗೊತ್ತಿರಲಿಲ್ಲ. ನನ್ನನ್ನು ಕಂಡು ಕೈಯಲ್ಲಿದ್ದ ಟೇಪು ಕೆಳಗಿಟ್ಟಳು.

“ರೂಟರ್ ನೋಡೋಕೆ ಬಂದ್ರಾ ಅಕ್ಕ?” ಎಂದಳು.

ಇಲ್ಲ, ನಿನ್ನನ್ನು ನೋಡೋಕೆ ಎಂದು ಬಾಯಿ ಬಿಟ್ಟು ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಹೂಂ ಎಂದೆ. ತೋರಿಸಿದಳು. ಖಾಲಿ ಕೋಣೆಯ ನೆಲದ ಮೇಲೆ, ಒಂದು ಹಳೆಯ ಮಣೆಯ ಮೇಲೆ ಅದು ಹಸಿರು ದೀಪ ಮಿಟುಕಿಸುತ್ತಾ ಕೂತಿತ್ತು. ಇಬ್ಬರೂ ನಿಂತು ಅದನ್ನೇ ನೋಡಿದೆವು.

“ಮೆಟ್ಟಿಲ ಹತ್ತಿರ ಒಂದು ವಾರ ಕೇಳಿಸಿದ್ದು ಬಿಟ್ರೆ, ಒಂದು ತಿಂಗಳಿಂದ ನಿಮ್ಮ ಪಾಠ ಕೇಳಿಸ್ತಾನೇ ಇಲ್ಲ. ಹುಷಾರಿಲ್ವೇನೋ ಅಂದ್ಕೊಂಡೆ,” ಎಂದಳು.

“ಬಂದು ಕೇಳಬಹುದಿತ್ತಲ್ಲ,” ಎಂದೆ.

“ನೀವೂ ಬರಬಹುದಿತ್ತು,” ಎಂದಳು. ಕೋಪವಿರಲಿಲ್ಲ, ಅದೇ ನನಗೆ ಹೆಚ್ಚು ನಾಟಿತು.

ಮಾತು ನಾಲಗೆಯ ತುದಿಯವರೆಗೆ ಬಂತು. ಮೆಟ್ಟಿಲ ಮೇಲೆ ಅಷ್ಟು ಚೆನ್ನಾಗಿ ಜೋಡಿಸಿಕೊಂಡಿದ್ದೆನಲ್ಲ, ಆ ಮಾತು. ಆದರೆ ಹೊರಗೆ ಬಿದ್ದದ್ದು, ಹುಳಿಮಾವಿನಲ್ಲಿ ಕಾವೇರಿ ನೀರು ಬರುತ್ತಾ ಎನ್ನುವುದು. ಟ್ಯಾಂಕರ್ ಎಂದಳು. ಅಯ್ಯೋ, ಕಷ್ಟ ಎಂದೆ. ಕಾಫಿ ಮಾಡಿಕೊಟ್ಟಳು. ಫಿಲ್ಟರ್ ಪ್ಯಾಕ್ ಆಗಿಬಿಟ್ಟಿದೆ, ಇನ್‌ಸ್ಟಂಟ್ ಕಾಫಿ, ಬೇಜಾರು ಮಾಡ್ಕೋಬೇಡಿ ಎಂದಳು. ಎರಡು ವರ್ಷದ ಮೇಲೆ ಸಿಕ್ಕವರು ನಾವು ನೀರಿನ ಬಗ್ಗೆ, ಕಾಫಿಯ ಬಗ್ಗೆ, ಲಿಫ್ಟಿನ ಬಗ್ಗೆ ಅರ್ಧ ಗಂಟೆ ಮಾತಾಡಿದೆವು. ಇಳಿದು ಬಂದೆ.

ಅವರು ಹೋಗಿ ಈಗ ಎರಡು ತಿಂಗಳು. ಮಹಡಿ ಮನೆಗೆ ಬೀಗ. ಇಟ್ಟಮಡುವಿನವರೇ ಬಂದು ಸೀಲಿಂಗ್ ಕಿತ್ತು ಹಾಕಿದರು. ಬೇಡವೆಂದು ನಮ್ಮವರು ಹೇಳಿದರೂ ಕೇಳದೆ ತೆಗೆಸಿದೆ. ನಮ್ಮದೇ ಹೊಸ ಕನೆಕ್ಷನ್ ಬಂದಿದೆ, ಪೆಟ್ಟಿಗೆ ನನ್ನ ತಲೆಯ ಮೇಲೇ ಗೋಡೆಯಲ್ಲಿದೆ. ಬಚ್ಚಲಿನಿಂದ ಗೇಟಿನವರೆಗೆ ಎಲ್ಲಿ ನಿಂತರೂ ಪೂರ್ತಿ ಸಿಗ್ನಲ್. ಎಷ್ಟು ಜೋರಾಗಿ ಹಾಡಿದರೂ ಕೇಳುವವರಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಪದ್ಮಜಳ ಸ್ಟೀಲ್ ಡಬ್ಬಿಯೊಂದಿದೆ, ಹೋಗುವ ದಿನ ಚಕ್ಕುಲಿ ತುಂಬಿ ಕೊಟ್ಟದ್ದು. ಖಾಲಿ ಕೊಡಬಾರದೆಂದು ಎರಡು ಸಲ ಕೊಬ್ಬರಿ ಮಿಠಾಯಿ ಮಾಡಿ ತುಂಬಿದೆ. ಎರಡು ಸಲವೂ ಸಂಜೆಯ ಟ್ರಾಫಿಕ್ ನೆನೆದು ನಾವೇ ತಿಂದೆವು. ಹುಳಿಮಾವು ಅಷ್ಟು ದೂರವೇನಮ್ಮ ಎಂದು ಈಗ ನಾನು ಯಾರಿಗೂ ಹೇಳುವುದಿಲ್ಲ.

ನಿನ್ನೆ ಅನಘಳಿಗೆ ಪಾಠವಿತ್ತು. ಅವಳ ಕಿಟಕಿಯಾಚೆ ಫ್ಲಾಟುಗಳ ಒಂದು ಸಾಲು ಕಾಣುತ್ತದೆ. ಅದರಲ್ಲಿ ಪದ್ಮಜಳದು ಯಾವುದಿರಬಹುದು ಎಂದು ನೋಡುತ್ತಾ ಹಾಡುತ್ತಿದ್ದೆ. ಮಗು ನಡುವೆ ತಾಳ ನಿಲ್ಲಿಸಿತು.

“ಮಿಸ್, ನಿಮ್ಮ ವಾಯ್ಸ್ ಕಟ್ ಆಗ್ತಾ ಇದೆ,” ಎಂದಿತು. “ನೆಟ್‌ವರ್ಕಾ?”

ಫೋನಿನ ಮೂಲೆ ನೋಡಿದೆ. ಒಂದು ಗೀಟೂ ಕಡಿಮೆಯಿರಲಿಲ್ಲ.

“ಹೂಂ ಕಣಮ್ಮ,” ಎಂದೆ, “ನೆಟ್‌ವರ್ಕೇ.”