ಸಪ್ಪಳಿಲ್ಲದ ಫ್ಯಾನು, ಮಾವನ ಹಾಡು

ಮಂದಿ ಮನಿಗೆ ಸಾಮಾನು ಬಂದ್ರ ಒಂದು ಮೂಲಿ ಹಿಡಿದು ಸುಮ್ನ ಕೂಡ್ತದ. ದಾಳಿಂಬ ಅನ್ನೋ ಊರಾಗಿನ ನಮ್ಮ ಮನಿಗೆ ಬಂದದ್ದು ಯಾವುದೂ ಸುಮ್ನ ಕೂತಿದ್ದು ನಾ ನೋಡಿಲ್ಲ. ಮಿಕ್ಸರ್ ಬಂದಾಗ ಒಂದು ಫಜೀತಿ, ಫ್ರಿಜ್ ಬಂದಾಗ ಇನ್ನೊಂದು. ಕಂಪ್ಯೂಟರ್ ಬಂದ ಮ್ಯಾಲಂತೂ ಕೇಳಬ್ಯಾಡ್ರಿ.

ಕಂಪ್ಯೂಟರ್ ನಂದು. ಸಾಲಿ ಹುಡುಗರಿಗೆ ಗಣಿತ ಹೇಳೋ ವಿಡಿಯೋ ಮಾಡ್ಲಿಕ್ಕೆ ತೊಗೊಂಡಿದ್ದೆ. ಈ ವರ್ಷ ಅದಕ್ಕ ಬ್ಯಾರೆನೇ ಕೆಲಸ ಬಂತು. ನಮ್ಮ ಮಾವನ ಅಕ್ಕ ನಿಲಂಗಾದಾಗ ಇರ್ತಾರ. ಸೊಂಟದ ಎಲುಬು ಮುರಕೊಂಡು ಹಾಸಿಗಿ ಹಿಡಿದಾರ. ಪ್ರತಿ ವರ್ಷ ನಮ್ಮೂರಿಗೆ ಬಂದು, ನಮ್ಮ ಮಾವ ಬೀರಪ್ಪ ದೇವರ ಹಾಡು ಹಾಡೋದನ್ನ ಎದುರಿಗೆ ಕೂತು ಕೇಳೋರು. "ಈ ಸಲ ನನ್ನ ಕೈಲೆ ಬರ್ಲಿಕ್ಕೆ ಆಗಂಗಿಲ್ಲೋ ತಮ್ಮಾ, ಹಾಡರೆ ಕಳಸು" ಅಂತ ಫೋನಿನಾಗ ಅತ್ತುಬಿಟ್ರು. ದೀಪಾವಳಿ ಮುಗೀತಂದ್ರ ಮಾವ ಕುರಿ ಹೊಡಕೊಂಡು ಊರು ಬಿಡ್ತಾರ, ತಿಂಗಳುಗಟ್ಟಲೆ ಸಿಗಂಗಿಲ್ಲ. ಅಷ್ಟರೊಳಗ ಹಾಡು ರೆಕಾರ್ಡ್ ಆಗಬೇಕು.

ಮೊಬೈಲಿನಾಗ ಮಾಡೋಣಂದ್ರ ಹಾಡು ಉದ್ದ, ನಡುವ ಹತ್ತು ಮಂದಿ ಫೋನ್ ಹಚ್ಚತಾರ. ಹಂಗಾಗಿ ಮಾವನ್ನ ನನ್ನ ಕಂಪ್ಯೂಟರಿನ ಮೈಕ್ ಮುಂದ ಕೂಡಿಸಿದೆ. ಕೇಳಿ ನೋಡಿದ್ರ ಮಾವನ ದನಿಗಿಂತ ಒಳಗಿನ ಫ್ಯಾನಿನ ದನಿನೇ ಜೋರು. ಹಿಟ್ಟಿನ ಗಿರಣ್ಯಾಗ ಕೂತು ಹಾಡಿದಂಗ ಕೇಳ್ತಿತ್ತು.

ಜ್ವರ

ಉಮರ್ಗಾದಿಂದ ರಿಪೇರಿ ಮಾಡೋರು ಬಂದ್ರು. ಡಬ್ಬಿ ಬಿಚ್ಚಿ ನೋಡಿದವ್ರೇ, "ಟೀಚರ್ ಬಾಯಿ, ಇದು ಕಂಪ್ಯೂಟರ್ ಏನ್ರೀ, ಕಣ ಏನ್ರೀ?" ಅಂದ್ರು. ಮನಿ ಬಾಜೂಕ ಸೋಯಾಬೀನ್ ರಾಶಿ ಮಷಿನ್ ನಡೆದಿತ್ತು, ಅದರ ಹೊಟ್ಟು ಧೂಳು ಎಲ್ಲಾ ನನ್ನ ಕಂಪ್ಯೂಟರಿನಾಗೇ ಇತ್ತು. "ಧೂಳು ಕಟ್ಟಿದ್ರ ಫ್ಯಾನು ತಿಣಕತದ, ಸಪ್ಪಳ ಮಾಡ್ತದ. ಧೂಳು ಹೋಗದಂಗ ನೋಡಕೊಳ್ರಿ" ಅಂತ ಝಾಡಿಸಿ ಕೊಟ್ಟು ಹೋದ್ರು.

ಈ ಮಾತನ್ನ ನನಗಿಂತ ನಮ್ಮ ಅತ್ತಿ ಮನಸ್ಸಿಗೆ ಹಚ್ಚಿಕೊಂಡ್ರು. ಮರುದಿನ ನಾ ಹಿತ್ತಲ ಕೆಲಸ ಮುಗಿಸಿ ಬಂದು ನೋಡ್ತೀನಿ, ಚಾಲೂ ಇರೋ ಕಂಪ್ಯೂಟರಿಗೆ ನಮ್ಮ ಕುರಿ ಉಣ್ಣಿದು ದಪ್ಪ ಕಂಬಳಿ ಹೊಚ್ಚಾರ! ಮೂಗು ಕಣ್ಣು ಏನೂ ಕಾಣದಂಗ ಸುತ್ತಿ ಕಟ್ಟ್ಯಾರ. ಒಳಗ ಫ್ಯಾನು ಗೊಳೋ ಅಂತ ಅಳ್ಲಿಕತ್ತದ. ನಾ ಓಡೋದ್ರಾಗ ಟಪ್ ಅಂತ ಬಂದ್ ಆತು.

ಅತ್ತಿ ಮ್ಯಾಲ ಕೈ ಇಟ್ಟು ನೋಡಿದ್ರು. "ಅಯ್ಯ ಯವ್ವಾ, ಮೈ ಕೆಂಡದಂಗ ಸುಡ್ಲಿಕತ್ತದ. ಜ್ವರ ಬಂದಾವ."

"ಕಂಬಳಿ ತಗೀರಿ ಅತ್ತಿ!" ಅಂತ ಚೀರಿದೆ.

"ಹುಚ್ಚಿ, ಜ್ವರದಾಗ ಯಾರರೆ ಕಂಬಳಿ ತಗೀತಾರೇನ?" ಅಂದವ್ರೇ ಇನ್ನೊಂದು ತಂದು ಹೊಚ್ಚಿದ್ರು. ಬೆವರು ಬಿಟ್ರ ಆರಾಮ ಆಗ್ತದಂತ.

ಪ್ರಸಾದ

ದಸರಾದಾಗ ನಮ್ಮಲ್ಲಿ ಖಂಡಿ ಪೂಜಿ, ಅಂದ್ರ ಆಯುಧ ಪೂಜಿ. ಕುಡಗೋಲು, ಕತ್ತರಿ, ಕೊಡಲಿ, ಟ್ರ್ಯಾಕ್ಟರ್ ಸಾಲಾಗಿ ಪೂಜಿ ಆತು. "ಸ್ವಸಿ ಹತ್ಯಾರನೂ ಪೂಜಿ ಮಾಡಬೇಕು" ಅಂತ ಮಾವ ಕಂಪ್ಯೂಟರ್ ಮುಂದ ಬಂದ್ರು. ಸಂತೋಷ ಆತು ನನಗ, ಸುಳ್ಳು ಯಾಕ ಹೇಳ್ಲಿ. ಆದ್ರ ಟ್ರ್ಯಾಕ್ಟರ್ ಪೂಜಿ ಹೊತ್ತಿಗೆ ಎಂಜಿನ್ ಚಾಲೂ ಇರ್ತದಲ್ಲ, ಹಂಗೇ ಇದೂ ಚಾಲೂ ಇರಬೇಕಂದ್ರು. ಮಾಡಿದೆ.

ಬೀರಪ್ಪನ ಪೂಜಿ ಅಂದ್ರ ಭಂಡಾರ ಇಲ್ಲದ ಆಗ್ತದೇನ್ರೀ? ಮಾವ ಅರಿಶಿಣದ ಭಂಡಾರ ಮುಟಗಿ ತುಂಬ ಹಿಡಿದು "ಬೀರಪ್ಪಗ ಚಾಂಗಭಲೋ!" ಅಂತ ಮುಂದಿನಿಂದ ಒಗದ್ರು. ಮುಂದಿನ ಫ್ಯಾನು ಅಷ್ಟನ್ನೂ ಸುರ್ ಅಂತ ಒಳಗ ಎಳಕೊಂತು. ಹಿಂದಿನ ಫ್ಯಾನು ಅಷ್ಟನ್ನೂ ಭುಸ್ ಅಂತ ಹೊರಗ ಊದಿತು. ಹಿಂದ ಕುರ್ಚಿ ಮ್ಯಾಲ ನಮ್ಮನಿಯವ್ರು, ಅಂದ್ರ ನನ್ನ ಗಂಡ, ಹೊಸ ಬಿಳೇ ಅಂಗಿ ಹಾಕ್ಕೊಂಡು ಚಹಾ ಕುಡೀಲಿಕತ್ತಿದ್ರು. ಅಂಗಿ, ಮಾರಿ, ಮೀಸಿ, ಚಹಾ ಎಲ್ಲಾ ಹಳದಿ.

ನಾ ತಲಿ ಮ್ಯಾಲ ಕೈ ಹೊತ್ತು ಕೂತೆ. ಮಾವ ಮಾತ್ರ ಕೈ ಮುಗಿದು ನಿಂತಿದ್ರು. "ನೋಡ್ರಿ, ಇಷ್ಟು ವರ್ಷ ಟ್ರ್ಯಾಕ್ಟರಿಗೆ ಭಂಡಾರ ಹಾಕ್ಕೋತ ಬಂದೀನಿ. ಒಂದು ದಿನರೆ ತಿರುಗಿ ಪ್ರಸಾದ ಕೊಟ್ಟದೇನ?"

ಸಾಣಿಗಿ

ರಿಪೇರಿಯವ್ರು ಮತ್ತ ಬಂದ್ರು. ಈ ಸಲ ಹಳದಿ ತೊಳದು, "ಫ್ಯಾನಿನ ಬಾಯಿಗೆ ಸಣ್ಣ ಜಾಳಗಿ ಕಟ್ರಿ. ಗಾಳಿ ಹೋಗಬೇಕು, ಧೂಳು ಹೋಗಬಾರದು" ಅಂದ್ರು. ಅಂಗಡ್ಯಾಗಿನ ಜಾಳಗಿ ಯಾಕ, ಖರ್ಚಿಲ್ಲದ ಮಾಡ್ತೀನಂತ ನಮ್ಮನಿಯವ್ರು ಶಾಣ್ಯಾತನ ತೋರಿಸಿದ್ರು. ಅಡಗಿ ಮನ್ಯಾಗಿನ ಹಿಟ್ಟಿನ ಸಾಣಿಗಿ ತಂದು ಕಂಪ್ಯೂಟರ್ ಮುಂದ ಸುತಳಿಲೆ ಕಟ್ಟಿದ್ರು. ಖರೇನೇ ಧೂಳು ನಿಂತಿತು. ನಾನೂ ಶಾಬಾಸ್ ಅಂದೆ.

ಎರಡು ದಿನದ ಮ್ಯಾಲ ಫ್ಯಾನು ಮತ್ತ ತಿಣಕಲಿಕ್ಕೆ ಚಾಲೂ ಮಾಡ್ತು. ಬಿಚ್ಚಿ ನೋಡಿದ್ರ ಒಳಗೆಲ್ಲಾ ಬೆಳ್ಳಗ ನುಣ್ಣಗಿನ ಪುಡಿ. ನನಗ ತಿಳೀಲೇ ಇಲ್ಲ. ಅತ್ತಿ ಬಂದು ಬೆರಳಿಗೆ ಹಚ್ಚಿ ನೆಕ್ಕಿ ನೋಡಿ, "ಜ್ವಾಳದ ಹಿಟ್ಟು, ನಮ್ಮ ಹೊಲದ್ದೇ" ಅಂದ್ರು.

ಆಮ್ಯಾಲ ಬಾಯಿ ಬಿಟ್ರು. ದಿನಾ ಮುಂಜಾನೆ ಸಾಣಿಗಿ ಬಿಚ್ಚಕೊಂಡು ಹೋಗಿ ರೊಟ್ಟಿ ಹಿಟ್ಟು ಸಾಣಿಸಿ, ಯಾರಿಗೂ ಗೊತ್ತಾಗದಂಗ ತಿರುಗಿ ಕಟ್ಟಿ ಹೋಗ್ತಿದ್ರಂತ.

"ಅತ್ತಿ, ಝಾಡಿಸಿಯರೆ ಕಟ್ಟಬೇಕಿತ್ತಲ್ರೀ!"

"ರೊಟ್ಟಿಗೆ ಹಾಕೋ ಮುಂದ ಝಾಡಿಸಿನೇ ತೊಗೊಂಡೀನಿ ಯವ್ವಾ. ಆ ಧೂಳು ನಿಮಗ ತಿನಸ್ತೀನೇನ?"

ಟವೆಲ್

ದೀಪಾವಳಿ ಹತ್ರ ಬಂತು. ನಿಲಂಗಾದಿಂದ ದಿನಾ ಫೋನು, "ಹಾಡು ಆತೇನ?" ಅಂತ. ಫ್ಯಾನಿನ ಸಪ್ಪಳ ಹೋಗವಲ್ತು ಅಂತ ನಂದು ದಿನಾ ಅದೇ ಜವಾಬು. ಕಡೀಕ ಹೊಸದು ಸಪ್ಪಳಿಲ್ಲದ ಫ್ಯಾನೇ ತರೋಣಂತ ನಾನು ಮಾವ ಉದಗೀರಕ್ಕ ಹೋದ್ವಿ.

ಅಂಗಡ್ಯಾಗ ಮಾವ ಫ್ಯಾನು ಕೈಯಾಗ ಹಿಡಿದು, ಸಂತ್ಯಾಗ ಟಗರು ನೋಡಿದಂಗ ತಿರುವಿ ತಿರುವಿ ನೋಡಿದ್ರು. ರೆಕ್ಕಿ ಎಣಿಸಿದ್ರು, ಬೆನ್ನು ಸವರಿದ್ರು. ಪಸಂದ ಬಂತು. ಹೆಗಲ ಮ್ಯಾಲಿನ ಟವೆಲ್ ತಗದು ಅಂಗಡಿಯಂವನ ಕೈ ಮ್ಯಾಲ ಮುಚ್ಚಿ, ಒಳಗ ಅಂವನ ಬೆರಳು ಗಟ್ಟಿ ಹಿಡಕೊಂಡ್ರು. ಕುರಿ ಸಂತ್ಯಾಗ ದರ ಹಿಂಗೇ ಮಾಡ್ತಾರ, ಬೆರಳಿನ ಲೆಕ್ಕ. ಬಾಯಿ ಬಿಡಂಗಿಲ್ಲ. ಬಾಜೂದವ್ರಿಗೆ ದರ ತಿಳೀಬಾರದಲ್ಲ.

ಅಂಗಡಿಯಂವಾ ಹೆದರಿದ. "ಕಾಕಾ, ಕಾಯ್ ಝಾಲಂ, ಏನಾತು? ಚಕ್ಕರ್ ಬಂದದೇನ್ರೀ?" ಅಂತ ನೀರು ತರ್ಲಿಕ್ಕೆ ಎದ್ದ. ಮಾವ ಕೈ ಬಿಡವಲ್ರು. ಅಷ್ಟರಾಗ ಅಂವನ ಅಪ್ಪ, ವಯಸ್ಸಾದವ್ರು, ಒಳಗಿಂದ ಬಂದು ನೋಡಿ ನಕ್ಕರು. "ಸರಕೋ ಈಕಡೆ" ಅಂತ ಮಗನ್ನ ಎಬ್ಬಿಸಿ ತಾವೇ ಟವೆಲ್ ಕೆಳಗ ಕೈ ಕೊಟ್ರು. ಇಬ್ಬರೂ ಕಣ್ಣಾಗ ಕಣ್ಣು ಇಟ್ಟು ಕೂತ್ರು. ಒಬ್ಬರು ತಲಿ ಅಳ್ಳಾಡಿಸೋದು, ಇನ್ನೊಬ್ಬರು ಲೊಚ್ ಅನ್ನೋದು. ಸಪ್ಪಳ ಮಾಡೋ ಮುಂದಿನ ಹಳೇ ಫ್ಯಾನು ಬಿಚ್ಚಿ ಒಯ್ದಿದ್ವಿ, ಅದೂ ಆ ಸೌದಾದಾಗೇ ಅವ್ರ ಪಾಲಿಗೆ ಹೋತು. ಕಡೀಕ ಇಬ್ಬರೂ "ಹಾಂ" ಅಂದ್ರು.

"ಬಾಬಾ, ಎಷ್ಟಕ್ಕ ಕೊಟ್ರಿ?" ಅಂತ ಮಗ ಕೇಳ್ದ.

"ಬಾಯಿಲೆ ಹೇಳೋ ರಿವಾಜಿಲ್ಲ" ಅಂದ್ರು ಅಪ್ಪ.

ರೊಕ್ಕ ಕೊಡಾಕಿ ನಾನು. "ಮಾವಾ, ನನಗರೆ ಹೇಳ್ರಿ, ಎಷ್ಟು ಕೊಡ್ಲಿ?" ಅಂದೆ. ಮಾವ ಆಚೀಕ ಈಚೀಕ ನೋಡಿ, ಮೆಲ್ಲಕ ಟವೆಲ್ ನನ್ನ ಕೈ ಮ್ಯಾಲ ಮುಚ್ಚಿದ್ರು.

ಹಾಡು

ದೀಪಾವಳಿ ಮುಗೀತು, ಮರುದಿನ ಮುಂಜಾನೆ ಕುರಿ ಹೊರಡೋದಿತ್ತು. ಆ ಮಧ್ಯಾಹ್ನ ಹೊಸ ಫ್ಯಾನು ಕೂತಿತು. ಏನು ಫ್ಯಾನ್ರೀ ಅದು! ಕಿವಿ ಹಚ್ಚಿದ್ರೂ ಸಪ್ಪಳಿಲ್ಲ. ಬಾಗಲಾ ಹಾಕಿ, ಕೋಳಿ ಹೊರಗಟ್ಟಿ, ಮಾವನ್ನ ಮೈಕ್ ಮುಂದ ಕೂಡಿಸಿ, "ಹಾಂ, ಹಾಡ್ರಿ" ಅಂದೆ.

ಮಾವ ಬಾಯಿ ತಗದ್ರು. ದನಿ ಮ್ಯಾಲ ಹೋತು, ನಿಂತಿತು. ಮತ್ತ ಹಾಡಿದ್ರು, ಪಾತಾಳಕ್ಕ ಇಳೀತು. ಮೂರನೇ ಸಲ ಕೆಮ್ಮಿ, "ಮೊದಲ ಯಂತ್ರ ಚಾಲೂ ಮಾಡವ್ವ" ಅಂದ್ರು.

"ಚಾಲೂನೇ ಅದರೀ ಮಾವಾ."

"ಚಾಲೂ ಇದ್ರ ಗುಂಯ್ ಅಂತಿತ್ತಲ್ಲ? ಅದು ಎಲ್ಲಿ ಹೋತು? ಗುಡ್ಯಾಗ ಹಾಡಿದ್ರ ಹಿಂದಿನವ್ರು ಶ್ರುತಿಗೆ ಸೂರು ಹಿಡೀತಾರ. ಮನ್ಯಾಗ ಇದರ ಮುಂದ ನಾ ಇಷ್ಟು ದಿನ ತಾಲೀಮು ಮಾಡಿದ್ದೆಲ್ಲಾ ಆ ಗುಂಯ್ ಮ್ಯಾಲೇ. ಸೂರು ಇಲ್ಲದ ಹ್ಯಾಂಗ ಹಾಡ್ಲಿ?"

ನನಗ ಅಳು ಬಂತು, ಖರೆ ಹೇಳ್ತೀನಿ. ಅಲ್ಲಿ ಆ ಮುದುಕಿ ಕಾದು ಕೂತಾರ, ಇಲ್ಲಿ ಹಳೇ ಫ್ಯಾನು ಉದಗೀರದಾಗ ಕೂತದ. ಅಷ್ಟರಾಗ ಅತ್ತಿ ಸೆರಗು ಬಿಗಿದು ಮಾವನ ಹಿಂದ ಬಂದು ಕೂತು, ಮೂಗಿಲೆ "ಗುಂ...ಯ್" ಅಂದ್ರು. ಮಾವನ ಮಾರಿ ಅರಳಿತು. "ಹಾಂ, ಇದೇ! ಬಿಡಬ್ಯಾಡ!"

ಮಾವ ಹಾಡಿದ್ರು. ಎಂಥಾ ಹಾಡು! ಅತ್ತಿ ಉಸಿರು ಮುಗಿದಲ್ಲಿ ನಮ್ಮನಿಯವ್ರು ಹಿಡಿದ್ರು, ಅವ್ರು ಬಿಟ್ಟಲ್ಲಿ ನಾ ಹಿಡಿದೆ. ಗಣಿತದ ಟೀಚರ್ ಬಾಯಿ ನಾನು, ಮೂಗಿಲೆ ಗುಂಯ್ ಅನಕೋತ ಕೂತೆ. ಹಾಡು ಮುಗಿಯೋದ್ರಾಗ ಮೂರೂ ಮಂದಿ ಮೂಗು ಕೆಂಪಗಾಗಿದ್ದವು. ಹಂಗೇ ನಿಲಂಗಾಕ್ಕ ಕಳಿಸಿದೆ.

ಸಂಜೀಕ ಫೋನ್ ಬಂತು. ಎಲ್ಲಾರೂ ಸುತ್ತ ನಿಂತ್ವಿ. ಆಕಡೆ ಅಕ್ಕ ಬಿಕ್ಕಿ ಬಿಕ್ಕಿ ಅಳ್ಲಿಕತ್ತಿದ್ರು. "ತಮ್ಮಾ, ಪೂರಾ ಕೇಳಿದ್ನೋ. ಬೀರಪ್ಪನ ಗುಡ್ಯಾಗೇ ಕೂತಂಗ ಆತು. ನನ್ನ ಜೀವಕ್ಕ ಸಮಾಧಾನ ಆತು." ಮಾವ ಟವೆಲಿಲೆ ಕಣ್ಣು ಒರಸಕೊಂಡ್ರು. ನಾವೂ ಒರಸಕೊಂಡ್ವಿ.

ಅಕ್ಕ ಮೂಗು ಸೇದಿ ಮುಂದ ಅಂದ್ರು, "ಸ್ವಸಿಗೆ ಒಂದು ಮಾತು ಹೇಳು. ಹಾಡು ಭಾಳ ಛಲೋ ಬಂದದ. ಆದ್ರ ಆ ಹಾಳಾದ ಫ್ಯಾನು ಒಂದು ಬದಲಿ ಮಾಡಂತ ಹೇಳೋ."