ವಿರೂಪಾಕ್ಷನಿಗೆ ಹೊರಟ ಮೊದಲ ಕಾಯಿ

ನನಗೆ ಬರೆದು ಅಭ್ಯಾಸವಿಲ್ಲ, ಕೆಟ್ಟದಾಗಿ ಹೇಳಿದರೆ ಕ್ಷಮಿಸಬೇಕು. ನಮ್ಮ ಮಾವನ ಜೊತೆ ಎಲ್ಲಿಗೆ ಹೋದರೂ ಏನಾದರೊಂದು ಆಗಿಯೇ ಆಗುತ್ತದೆ. ಮಾವ ಎಂದರೆ ಹೆಂಡತಿಯ ತಂದೆ, ಬಿಳಿಗೆರೆಯವರು. ತಾನು ನೆಟ್ಟ ತೆಂಗು ಫಲ ಬಿಟ್ಟರೆ ಮೊದಲ ಕಾಯಿ ಹಂಪಿಯ ವಿರೂಪಾಕ್ಷನಿಗೆ ಎಂದು ನನ್ನ ಹೆಂಡತಿ ಹರಕೆ ಹೊತ್ತಿದ್ದಳು. ಮೊದಲ ಕಾಯಿ ಎಂದರೆ ಒಂದೇ. ಅದು ಕಳೆದರೆ ಇನ್ನೊಂದು ಮೊದಲನೆಯದು ಸಿಗುವುದಿಲ್ಲ. ಅದಕ್ಕೇ ಮಾವ ಅದನ್ನು ಟವೆಲ್ಲಿನಲ್ಲಿ ಸುತ್ತಿ ಕಂಕುಳಲ್ಲೇ ಇಟ್ಟುಕೊಂಡಿದ್ದರು.

ಕಂಬ

ನಮ್ಮ ಕಡೆ ಕಾಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲಿಟ್ಟು ಕೊಬ್ಬರಿ ಮಾಡುತ್ತೇವೆ. ಒಳಗೆ ನೀರು ಇಂಗಿತೇ ಎಂದು ಕಿವಿಯ ಹತ್ತಿರ ಅಲ್ಲಾಡಿಸಿ, ಬೆರಳಿನಿಂದ ತಟ್ಟಿ ನೋಡುತ್ತೇವೆ. ನಾವು ಮೂವರೂ ಹಂಪಿ ಮುಟ್ಟಿದ ಮೇಲೆ ವಿಠ್ಠಲ ದೇವಸ್ಥಾನದ ಕಲ್ಲುಕಂಬವನ್ನೂ ಮಾವ ಹಾಗೇ ತಟ್ಟಿಬಿಟ್ಟರು. ಕಲ್ಲು ‘ಣಣ್’ ಎಂದಿತು. ಮಾವನ ಮೈಯೆಲ್ಲ ಜುಮ್ಮೆಂದು, ಕಿವಿ ಕಂಬಕ್ಕೇ ಅಂಟಿತು.

ಕಾವಲುಗಾರ ಓಡಿ ಬಂದ. “ಏ ಯಜಮಾನ್ರ, ಕಂಬ ಯಾಕ ಬಡೀತೀರಿ?”

“ಬಡೀಲಿಲ್ಲ ಕಣಪ್ಪ, ನೋಡ್ದೆ. ಬಲು ಚೆನ್ನಾಗ್ ಒಣಗೈತೆ. ಎಷ್ಟು ವರ್ಷ ಅಟ್ಟದ ಮೇಲಿಕ್ಕಿದ್ರು?”

ಪೇಟೆ

ವಿರೂಪಾಕ್ಷನ ಗುಡಿ ಮುಂದೆ ಹಳೆಯ ಪೇಟೆಬೀದಿ. ಎರಡೂ ಕಡೆ ಕಲ್ಲಿನ ಮಳಿಗೆಗಳು, ಕಣ್ಣು ಹೋದಷ್ಟು ದೂರ. ಒಂದರಲ್ಲೂ ವ್ಯಾಪಾರವಿಲ್ಲ. ತಿಪಟೂರು ಕೊಬ್ಬರಿ ಮಾರ್ಕೆಟ್ಟಿನಲ್ಲಿ ಕೂಗಿ ಕೂಗಿಯೇ ಗಂಟಲು ಒಡೆದುಕೊಂಡ ಮಾವ ಇಲ್ಲಿ ಚಪ್ಪಲಿ ಕೈಗೆತ್ತಿಕೊಂಡು, ಪಿಸುಗುಟ್ಟತೊಡಗಿದರು.

“ಯಾಕೆ ಮಾವ, ಇಷ್ಟು ಮೆಲ್ಲಗೆ?”

“ಇಂಥಾ ಪೇಟೆ ಕಟ್ಟಿದೋರು ಪೂರ್ತಿ ಹೋಗಿರಾಕಿಲ್ಲ ಕಣಪ್ಪ. ಊಟಕ್ಕೆ ಹೋಗಿರ್ತಾರೆ. ಬಂದ್ಬುಟ್ಟಾರು.”

ಕಾಯಿ

ಗೋಪುರದ ಬುಡದಲ್ಲಿ ಮಾವ ಕತ್ತೆತ್ತಿ ನೋಡುತ್ತಾ ಬಾಯಿ ತೆರೆದರು. ಕತ್ತೆತ್ತಿದರೆ ಕಂಕುಳು ಸಡಿಲವಾಗುತ್ತದೆ. ಕೋತಿಯೊಂದು ಕಾಯಿ ಕಿತ್ತುಕೊಂಡು ಮೇಲೆ ಹತ್ತಿತು.

“ಅಯ್ಯೋ, ನನ್ನ ಹರಕೆ!” ಹೆಂಡತಿ ಅಲ್ಲೇ ಕುಸಿದು ಕೂತಳು.

ಕೋತಿ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿತು, ಥೇಟ್ ಮಾವನಂತೆ. ಒಣಗಿಲ್ಲ ಎಂದುಕೊಂಡಿತೋ ಏನೋ, ಎಸೆಯಿತು. ಗುಡಿಯ ಮೆಟ್ಟಿಲ ಮೇಲೆ ಫಟ್! ಸರಿಯಾಗಿ ಎರಡು ಹೋಳು. ಆಮೇಲೆ ನಿಧಾನವಾಗಿ ಇಳಿದು ಬಂದು ಒಂದು ಹೋಳು ಎತ್ತಿಕೊಂಡು ಗುಡಿಯೊಳಕ್ಕೆ ಹೋಯಿತು. ಇನ್ನೊಂದು ಅಲ್ಲೇ ಉಳಿಯಿತು.

“ಹರಕೆ ಮುಟ್ಟಿತೇನಪ್ಪ?” ಹೆಂಡತಿ ಎದ್ದು ಬಂದು ಅಪ್ಪನನ್ನು ಕೇಳಿದಳು.

ಮಾವ ಉಳಿದ ಹೋಳನ್ನು ಕಣ್ಣಿಗೊತ್ತಿಕೊಂಡರು. “ಕಾಯಿ ಒಡ್ದು, ಅರ್ಧ ಇಟ್ಕಂಡು, ಅರ್ಧ ಕೊಟ್ಟೋನು ಪೂಜಾರಿ ಅಲ್ದೆ ಇನ್ಯಾರೇ? ಅದೂ ತಟ್ಟೆಗೆ ಕಾಸು ಕೇಳ್ಲಿಲ್ಲ!”

ಇದನ್ನು ಸ್ವಲ್ಪ ವಿವರಿಸಬೇಕು. ಪೂಜಾರಿ ಇಟ್ಟುಕೊಳ್ಳುವುದು ಯಾವ ಹೋಳು ಎಂದರೆ, ಕಾಯಿಗೆ ಮೂರು ಕಣ್ಣಿರುತ್ತವೆ, ವಿರೂಪಾಕ್ಷನಿಗೂ ಮೂರು, ಆದ್ದರಿಂದ ಕಣ್ಣಿರುವ ಹೋಳು… ತಾಳಿ, ಮಾವ ನಮ್ಮ ಮನೆಯ ಕೊಬ್ಬರಿ ಅಟ್ಟದಿಂದ ಕೂಗುತ್ತಿದ್ದಾರೆ: “ಅಳಿಯಂದ್ರೇ, ಬರೆದಿದ್ದು ಸಾಕು, ಏಣಿ ಹಿಡ್ಕಳಿ, ಪೂಜಾರಪ್ಪ ಇಲ್ಲೂ ಬಂದವ್ನೆ!”