ವಾಲ್ವ್ ಮಾವನೂ ನೀರು ಬೇಡದ ಗಿಡವೂ

“ಒಂದು ಗಿಡ ನೋಡ್ಕೊಳ್ಳೋಕೆ ಇಷ್ಟು ಉಪದೇಶಾನಾ? ಇಡೀ ಊರಿಗೆ ನೀರು ಕುಡಿಸಿದ ಕೈ ಕಣಕ್ಕಾ ಇದು!” ಎಂದು ವಾಲ್ವ್ ಮಾವ ಬಲಗೈಯನ್ನು ಕತ್ತಿಯ ಹಾಗೆ ಮೇಲೆತ್ತಿದ.

“ಅದೇ ನನಗೆ ಭಯ,” ಎಂದಳು ಅಕ್ಕ.

ಬೀದಿಬೀದಿಯ ವಾಲ್ವ್ ತಿರುಗಿಸಿ ಮನೆಮನೆಗೆ ನೀರು ಬಿಡುವುದೇ ಅವನ ಕೆಲಸವಾಗಿತ್ತು. ನಿವೃತ್ತನಾದರೂ ಹೆಸರು ಹಾಗೇ ಅಂಟಿಕೊಂಡಿತ್ತು. ಕೈಗೆ ತಿರುಗಿಸಲು ಬೇರೇನೂ ಸಿಗದೆ ಮನೆಯ ನಲ್ಲಿಗಳನ್ನೇ ತಿರುಗಿಸಿ ಸವೆಸಿದ್ದ.

ಅಕ್ಕನದು ಬೇಕರಿಯ ಒಲೆಯ ಮುಂದಿನ ಕೆಲಸ. ಕಾದ ತಟ್ಟೆ ತಗುಲಿ ಕೈ ಸುಟ್ಟಾಗಲೆಲ್ಲ ಲೋಳೆಸರದ ಎಲೆ ಮುರಿದು, ಹಳದಿ ಹಾಲು ಬಸಿದುಹೋದ ಮೇಲೆ ಒಳಗಿನ ತಿರುಳು ಹಚ್ಚಿಕೊಳ್ಳುವಳು. ಬೇರೆ ಯಾವ ಔಷಧಿಯ ಮೇಲೂ ಅವಳಿಗೆ ನಂಬಿಕೆಯಿಲ್ಲ. ಈಗ ಮಗಳ ಹೆರಿಗೆಗೆ ಹೊರಟವಳು ಆ ಕುಂಡವನ್ನು ತಮ್ಮನ ಬಾಲ್ಕನಿಗೆ ತಂದಿಟ್ಟಿದ್ದಳು.

“ಬಿಸಿಲಲ್ಲಿಡು. ನೀರು ಹಾಕ್ಬೇಡ. ಸಾಯಲ್ಲ. ಇಷ್ಟೇ ಕಣೋ! ನಾನು ಬಂದ ಮಾರನೇ ದಿನವೇ ಒಲೆ ಮುಂದೆ ನಿಲ್ಬೇಕು. ಆಗ ಇದು ಬೇಕೇ ಬೇಕು.”

“ಏನೂ ಮಾಡದೆ ಇರೋದು ತಾನೆ? ನಿವೃತ್ತಿ ಆದಾಗಿಂದ ಅದನ್ನೇ ಅಭ್ಯಾಸ ಮಾಡ್ತಿದ್ದೀನಿ!”

“ಅದರಲ್ಲೂ ಇನ್ನೂ ಪಾಸಾಗಿಲ್ಲ ಅತ್ತಿಗೆ,” ಎಂದು ಅಡುಗೆಮನೆಯಿಂದ ಹೆಂಡತಿಯ ದನಿ ಬಂತು.

ಮಾರನೇ ದಿನ, ಹಿಂದೆ ವಾಲ್ವ್ ತೆರೆಯುತ್ತಿದ್ದ ಹೊತ್ತಿಗೇ ಅವನಿಗೆ ಎಚ್ಚರವಾಯಿತು. ಬಾಲ್ಕನಿಗೆ ಹೋಗಿ ನೋಡಿದರೆ ಒಣ ಮಣ್ಣಿನಲ್ಲಿ ಗಿಡ ಕೈಗಳನ್ನೆಲ್ಲ ಮೇಲೆತ್ತಿ ನಿಂತಿದೆ! ಖಾಲಿ ಕೊಡ ಹಿಡಿದು ಬೈಯುತ್ತಾ ನಿಲ್ಲುತ್ತಿದ್ದ ಬೀದಿಯ ಕೊನೆಮನೆಯವಳ ಹಾಗೆಯೇ ಕಂಡಿತು. ತಕ್ಷಣ ಒಂದು ಚೊಂಬು ನೀರು ಸುರಿದ.

“ರೀ! ಅತ್ತಿಗೆ ಏನಂದಿದ್ರು?”

“ಕುಡಿಯೋಕಲ್ಲ ಕಣೇ, ಮುಖ ತೊಳ್ಕೊಳ್ಳಲಿ ಅಂತ!”

ಹೆಂಡತಿ ಚೊಂಬು ಬಚ್ಚಿಟ್ಟಳು. ಅವನು ಕ್ಷೌರದ ಮಗ್ಗು ತೆಗೆದ. ಅದನ್ನೂ ಬಚ್ಚಿಟ್ಟಳು. ಒಂದು ದಿನ ಬಚ್ಚಲಿನಿಂದ ಎರಡೂ ಕೆನ್ನೆ ಊದಿಸಿಕೊಂಡು ಬಾಲ್ಕನಿಯ ಕಡೆ ಗಂಭೀರವಾಗಿ ನಡೆಯುತ್ತಿದ್ದವನನ್ನು ಅವಳು ಅಡ್ಡಗಟ್ಟಿದಳು.

“ಎಲ್ಲಿಗೆ? ಬಾಯಿಬಿಟ್ಟು ಹೇಳಿ ನೋಡೋಣ!”

ಪಾಪ, ಅವನು ಹೇಗೆ ಬಾಯಿಬಿಟ್ಟಾನು?

ಅಂತೂ ಇಂತೂ ನೀರು ಕುಂಡ ಸೇರುತ್ತಲೇ ಇತ್ತು. ಎಲೆಗಳು ಬಿಳಿಚಿದವು, ಮೆತ್ತಗಾಗಿ ಬಾಗಿದವು. “ಬಾಯಾರಿ ತಲೆ ತಗ್ಗಿಸಿದೆ!” ಎಂದು ಇನ್ನಷ್ಟು ಸುರಿದ. ಅಕ್ಕ ಬರುವ ದಿನ ಬೆಳಿಗ್ಗೆ, ನೆಟ್ಟಗೆ ನಿಲ್ಲಿಸೋಣವೆಂದು ಹಿಡಿದರೆ ಗಿಡಕ್ಕೆ ಗಿಡವೇ ಕೈಗೆ ಬಂತು. ಬುಡ ಕೊಳೆತು ಗಬ್ಬು ನಾರುತ್ತಿತ್ತು.

ವಾಲ್ವ್ ಮಾವ ಗಡಿಯಾರ ನೋಡಿದ. ಅಕ್ಕನ ಬಸ್ಸು ಮಧ್ಯಾಹ್ನಕ್ಕೆ. ತಟ್ಟನೆ ಹಳೆಯ ಪಂಪ್‌ಹೌಸಿನ ಬೇಲಿ ನೆನಪಾಯಿತು. ಅಲ್ಲಿ ಬೆಳೆದಿದ್ದ ಕತ್ತಾಳೆಯೂ ಹೀಗೇ ದಪ್ಪ, ಹೀಗೇ ಹಸಿರು, ಅಂಚಿಗೆ ಹೀಗೇ ಮುಳ್ಳು. ಓಡಿಹೋಗಿ ಒಂದು ಮರಿ ಕಿತ್ತು ತಂದು ನೆಟ್ಟ. ಎಲೆಯ ತುದಿಯಲ್ಲಿ ಮಾತ್ರ ದಬ್ಬಣದಂಥ ಮುಳ್ಳುಗಳು. ನೇಲ್ ಕಟರ್ ತಂದು ಒಂದೊಂದನ್ನೇ ಕತ್ತರಿಸಿ, ಹೆತ್ತ ತಾಯಿಗೂ ಗುರುತು ಸಿಗದೆಂದು ಮೀಸೆ ತಿರುವಿದ.

ಹೆಂಡತಿ ಬಂದು ನೋಡಿದಳು. ಸಣ್ಣಗೆ ನಕ್ಕು ಟೀಗೆ ನೀರಿಟ್ಟಳು. ಆ ನಗುವಿಗಾದರೂ ಅವನು ಹೆದರಬೇಕಿತ್ತು!

ಅಕ್ಕ ಬಂದಳು. ಲೋಟ ಹಿಡಿದು ಕುಂಡದ ಮುಂದೆ ಕುರ್ಚಿ ಹಾಕಿಕೊಂಡು ಕೂತಳು.

“ತಮ್ಮಾ, ಇದರ ಉಗುರು ಯಾಕೋ ಕತ್ತರಿಸಿದ್ದೀಯ?”

“ಬೆಳೆದಿತ್ತು ಅಕ್ಕಾ. ಚೊಕ್ಕಟವಾಗಿರ್ಲಿ ಅಂತ...”

“ಇದು ನನ್ನ ಗಿಡಾನೇನಾ?”

“ನನ್ನ ಮೇಲೇ ಅನುಮಾನಾನಾ? ನೋಡು ಹಾಗಾದ್ರೆ!” ಎಂದವನೇ ಒಂದು ಎಲೆ ಹಿಡಿದ. ನಾರು ಬಿಡಲೊಲ್ಲದು. ವಾಲ್ವ್ ತಿರುಗಿಸಿದ ಕೈಯಿಂದ ತಿರುಚಿ ಕಿತ್ತು, ರಸ ಹಿಂಡಿ ತನ್ನ ಬೋಳುತಲೆಗೆ ಪಟ್ಟಾಭಿಷೇಕ ಮಾಡಿಕೊಂಡ.

ಅಕ್ಕ ಒಂದು ಗುಟುಕು ಟೀ ಕುಡಿದಳು.

“ಹೇಗಿದೆಯೋ?”

“ತಂ... ತಂಪಾಗಿದೆ.”

“ಕಣ್ಣಲ್ಲಿ ನೀರು?”

“ಆನಂದಬಾಷ್ಪ!”

“ಇನ್ನೊಂದು ಲೋಟ ಟೀ ಕೊಡಮ್ಮ,” ಎಂದು ಅಕ್ಕ ತಮ್ಮನ ಹೆಂಡತಿಯ ಕಡೆ ಲೋಟ ಚಾಚಿದಳು. “ನಿಧಾನಕ್ಕೆ ಕುಡೀತೀನಿ.”

ಬೋಳುತಲೆಯ ಮೇಲೆ ಕೆಂಜಿರುವೆಗಳ ದಂಡೇ ಇಳಿದಂತಾಗಿತ್ತು. ಕೆರೆದರೆ ಮಾನ ಹೋಗುತ್ತದೆ, ಬಿಟ್ಟರೆ ಪ್ರಾಣ ಹೋಗುತ್ತದೆ! ಕಾಲ್ಬೆರಳುಗಳು ತಾವಾಗಿ ಕುಣಿದವು. ಎರಡನೆಯ ಲೋಟ ಬರುವಷ್ಟರಲ್ಲಿ ಕಟ್ಟೆಯೊಡೆಯಿತು.

“ಕತ್ತಾಳೆ ಅಕ್ಕಾ, ಕತ್ತಾಳೆ! ನಿನ್ನ ಗಿಡ ಕೊಳೆಸಿಬಿಟ್ಟೆ!”

ಬಚ್ಚಲಿಗೆ ಓಡಿ ತಲೆಯ ಮೇಲೆ ನೀರು ಸುರಿದುಕೊಂಡ. ರಸ ಹೋಯಿತು, ಉರಿ ಹೋಗಲಿಲ್ಲ. ಈಚೆ ಬಂದಾಗ ಅಕ್ಕ ಬರಿಗೈ ನೋಡಿಕೊಳ್ಳುತ್ತಾ, “ನಾಳೆ ಒಲೆ ಮುಂದೆ ಏನು ಮಾಡ್ಲೋ?” ಎನ್ನುತ್ತಿದ್ದಳು. ಆಗ ಹೆಂಡತಿ ಮಹಡಿಯಿಂದ ಇಳಿದು ಬಂದಳು. ಕೈಯಲ್ಲಿ ಕಿವಿ ಮುರಿದ ಹಳೆಯ ಜಗ್ಗು, ಅದರಲ್ಲಿ ದಪ್ಪದಪ್ಪನೆಯ ಲೋಳೆಸರದ ಮರಿ!

“ನೀವು ಹೊರಟ ದಿನವೇ ಬುಡದಿಂದ ಕಿತ್ತು ಮೇಲೆ ನೆಟ್ಟೆ ಅತ್ತಿಗೆ. ಆಮೇಲೆ ಅದರ ಕಡೆ ತಿರುಗಿಯೂ ನೋಡ್ಲಿಲ್ಲ.”

“ಎಷ್ಟು ಚೆನ್ನಾಗಿ ಸಾಕಿದ್ದೀಯಮ್ಮ!” ಎಂದು ಅಕ್ಕ ಜಗ್ಗನ್ನು ಎದೆಗವಚಿಕೊಂಡಳು.

ಇದ್ದ ಎಲೆಗಳೇ ಕಡಿಮೆ. ಆದರೂ ಅಕ್ಕ ಎಲ್ಲಕ್ಕಿಂತ ದಪ್ಪನೆಯದನ್ನೇ ಮುರಿದು, ಹಾಲು ಬಸಿದು, ತಮ್ಮನ ತಲೆಗೆ ಮೆತ್ತಿದಳು. ಆಮೇಲೆ ಅವನನ್ನು ಬಾಲ್ಕನಿಯಲ್ಲಿ, ಕುಂಡವಿದ್ದ ಜಾಗದಲ್ಲೇ ಕೂರಿಸಿದಳು.

ವಾಲ್ವ್ ಮಾವ ಸಣ್ಣ ದನಿಯಲ್ಲಿ, “ಕುಡಿಯೋಕೆ ಒಂದು ಲೋಟ ನೀರು...” ಎಂದ.

ಹೆಂಡತಿ ಅತ್ತಿಗೆಯ ಮುಖ ನೋಡಿದಳು. “ಕೊಡ್ಲಾ?”

“ಬಿಸಿಲಲ್ಲಿಡು. ನೀರು ಹಾಕ್ಬೇಡ,” ಎಂದಳು ಅಕ್ಕ. “ಸಾಯಲ್ಲ.”